ಕೀಲಿಮಣೆಯ ಬೆಲೆ

ಕಳೆದ ಮಳೆಗಾಲದಲ್ಲಿ ಒಂದು ದಿನ ನನ್ನ ಗಣಕದ ಕೀಲಿಮಣೆ ಒತ್ತಕ್ಷರವನ್ನು ಮರೆಯಿತು. ಹಳೆಯ ಕಾವ್ಯಗಳ ವಸಂತವರ್ಣನೆಯನ್ನು ಕುರಿತು ನಾನು ಬರೆಯುತ್ತಿದ್ದೆ. 'ಸ್ಮರ' ಎಂದು ಬೆರಳು ಬರೆದದ್ದು ಪರದೆಯ ಮೇಲೆ 'ಸಮರ' ಎಂದು ಮೂಡಿತು. ಎರಡೂ ಶುದ್ಧ ಪದಗಳೇ ಆದುದರಿಂದ ಕರಡು ತಿದ್ದುವವರ ಕಣ್ಣಿಗೂ ಅದು ಬೀಳಲಿಲ್ಲ. ಅಚ್ಚಾದ ಮೇಲೆ ಹಿರಿಯ ಅಧ್ಯಾಪಕರೊಬ್ಬರು ದೂರವಾಣಿಯಲ್ಲಿ, "ವಸಂತನ ಜೊತೆಯಲ್ಲಿ ಸಮರನು ಬಂದನೆಂದು ಬರೆದಿದ್ದೀರಿ, ವಿರಹಿಗಳ ಪಾಲಿಗೆ ಅದೂ ನಿಜವೇ" ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ವಿದ್ಯಾರ್ಥಿಗಳ ಕಾಗುಣಿತವನ್ನು ತಿದ್ದಿದ ಕೈ ಇದು.

ತಪ್ಪಿನ ಮೂಲವನ್ನು ಹುಡುಕಿದಾಗ ಅದು ಒಂದೇ ಕೀಲಿಯಲ್ಲಿತ್ತು. ನಮ್ಮಲ್ಲಿ ಅನೇಕರು ಗಣಕದಲ್ಲಿ ಕನ್ನಡ ಬರೆಯುವುದು ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರವು ಅಂಗೀಕರಿಸಿ 'ನುಡಿ' ತಂತ್ರಾಂಶದ ಮೂಲಕ ಬಳಕೆಗೆ ಬಂದ ವಿನ್ಯಾಸದಲ್ಲಿ. ಅದರಲ್ಲಿ ಅಕ್ಷರವನ್ನು ಅಕ್ಷರಕ್ಕೆ ಬೆಸೆಯುವ ಕೆಲಸ ಇಂಗ್ಲಿಷಿನ 'ಎಫ್' ಕೀಲಿಯದು. 'ಕನ್ನಡ' ಎನ್ನಲು ಅದನ್ನು ಒಮ್ಮೆ ಒತ್ತಬೇಕು. 'ಲಕ್ಷ್ಮಿ' ಎನ್ನಲು ಎರಡು ಬಾರಿ. ಇಂಗ್ಲಿಷಿನಲ್ಲಿ ಆಗೊಮ್ಮೆ ಈಗೊಮ್ಮೆ ಮುಖ ತೋರಿಸುವ ಈ ಅಕ್ಷರ ಕನ್ನಡದಲ್ಲಿ ಹಗಲಿರುಳೂ ದುಡಿಯುವ ಆಳು. ಕನ್ನಡ ಬರೆಯುವವನ ಕೀಲಿಮಣೆಯಲ್ಲಿ ಮೊದಲು ಸವೆಯುವುದು ಅದೇ ಆದರೆ ಆಶ್ಚರ್ಯವೇನು?

ಅಂಗಡಿಗೆ ಒಯ್ದೆ. "ಒಂದು ಕೀಲಿಯನ್ನು ಸರಿಪಡಿಸಲಾಗುವುದಿಲ್ಲ, ಇಡೀ ಮಣೆಯನ್ನೇ ಬದಲಿಸಬೇಕು" ಎಂದರು. ಹೊಸದಕ್ಕೆ ಐದುನೂರು ರೂಪಾಯಿ. ಪಕ್ಕದ ಕಪಾಟಿನಲ್ಲಿದ್ದ 'ಮೆಕ್ಯಾನಿಕಲ್' ಕೀಲಿಮಣೆಗೆ ನಾಲ್ಕು ಸಾವಿರ. ಹೊರದೇಶದಿಂದ ತರಿಸುವುದಾದರೆ ಇಪ್ಪತ್ತು ಸಾವಿರವನ್ನು ಮೀರಿದವೂ ಉಂಟಂತೆ. ಅಕ್ಷರ ಮೂಡಿಸುವ ಕೆಲಸ ಎರಡರದೂ ಒಂದೇ ಆಗಿರುವಾಗ ಬೆಲೆಯಲ್ಲಿ ಇಷ್ಟು ಅಂತರವೇಕೆ? ಈ ಪ್ರಶ್ನೆಯೇ ನನ್ನನ್ನು ಕೆಲವು ವಾರ ಹಿಡಿದು ಕೂರಿಸಿತು.

ಅಂತರವಿರುವುದು ಗುಬಟಿನ ಕೆಳಗೆ. ಅಗ್ಗದ ಕೀಲಿಮಣೆಯಲ್ಲಿ ಎಲ್ಲ ಕೀಲಿಗಳಿಗೂ ಸೇರಿ ಒಂದೇ ರಬ್ಬರಿನ ಹಾಳೆ. ಅದರಲ್ಲಿ ಕೀಲಿಗೊಂದರಂತೆ ಪುಟ್ಟ ಬುಗ್ಗೆಗಳು. ಬೆರಳು ಒತ್ತಿದಾಗ ಬುಗ್ಗೆ ಕುಸಿದು ತಳದ ಎರಡು ಪದರಗಳು ಕೂಡುತ್ತವೆ. ಆಗ ಅಕ್ಷರ ದಾಖಲಾಗುತ್ತದೆ. ಬುಗ್ಗೆ ಬಿರುಸಾದರೆ, ಹರಿದರೆ, ಮದ್ದಿಲ್ಲ. ಮೆಕ್ಯಾನಿಕಲ್ ಮಣೆಯಲ್ಲಿ ಪ್ರತಿಯೊಂದು ಕೀಲಿಗೂ ತನ್ನದೇ ಆದ ಲೋಹದ ಸುರುಳಿ, ತನ್ನದೇ ಆದ ಸ್ವಿಚ್ಚು. ಜರ್ಮನಿಯ ಚೆರ್ರಿ ಸಂಸ್ಥೆ 1980ರ ದಶಕದಲ್ಲಿ ಹೊರತಂದ 'ಎಂಎಕ್ಸ್' ಸ್ವಿಚ್ಚು ಇವುಗಳಲ್ಲಿ ಪ್ರಸಿದ್ಧ. ಅದರ ಕೀಲಿ ಇಳಿಯುವುದು ಸುಮಾರು ನಾಲ್ಕು ಮಿಲಿಮೀಟರು. ಅಕ್ಷರ ಮೂಡುವುದು ಎರಡರಲ್ಲೇ. ಬೆರಳು ತಳಕ್ಕೆ ಬಡಿಯಬೇಕಾಗಿಲ್ಲ. ಕೆಂಪು ಬಣ್ಣದ ಸ್ವಿಚ್ಚು ನುಣ್ಣಗೆ ಇಳಿಯುತ್ತದೆ. ಕಂದು ಬಣ್ಣದ್ದು ನಡುದಾರಿಯಲ್ಲಿ ಸಣ್ಣದೊಂದು ತಡೆಯನ್ನು ಬೆರಳಿಗೆ ತಿಳಿಸುತ್ತದೆ. ನೀಲಿಯದು ಟಿಕ್ಕೆಂದು ಸಾರಿ ಹೇಳುತ್ತದೆ. ಪೇಟೆಂಟಿನ ಅವಧಿ ಮುಗಿದ ಮೇಲೆ ಚೀನಾದ ತಯಾರಕರು ಇದೇ ಮಾದರಿಯನ್ನು ಕಡಿಮೆ ಬೆಲೆಗೆ ತಯಾರಿಸಿದರು. ನಾಲ್ಕು ಸಾವಿರದ ಮಣೆ ನಮ್ಮ ಊರಿನ ಕಪಾಟಿಗೆ ಬಂದದ್ದು ಹೀಗೆ.

ಬಾಳಿಕೆಯ ಲೆಕ್ಕವನ್ನೂ ಹಾಕಿ ನೋಡಿದೆ. ರಬ್ಬರಿನ ಕೀಲಿಗೆ ಸಾಮಾನ್ಯವಾಗಿ ಹೇಳುವ ಆಯುಸ್ಸು 50 ಲಕ್ಷದಿಂದ ಒಂದು ಕೋಟಿ ಒತ್ತು. ಚೆರ್ರಿಯವರು ತಮ್ಮ ಕೆಂಪು ಸ್ವಿಚ್ಚಿಗೆ ಹೇಳುವುದು 10 ಕೋಟಿ. ನನ್ನ 'ಎಫ್' ಕೀಲಿ ದಿನಕ್ಕೆ 2,000 ಸಲ ಕುಣಿಯುತ್ತದೆಂದು ಇಟ್ಟುಕೊಂಡರೆ, 50 ಲಕ್ಷ ಮುಗಿಯಲು ಸುಮಾರು 7 ವರ್ಷ. 10 ಕೋಟಿ ಮುಗಿಯಲು ಸುಮಾರು 137 ವರ್ಷ. ಅಷ್ಟು ಕಾಲ ಬಾಳುವ ಬೆರಳನ್ನು ಯಾವ ಅಂಗಡಿಯವರೂ ನನಗೆ ಮಾರಲಾರರು. ಆದುದರಿಂದ ಆಯುಸ್ಸಿನ ದೊಡ್ಡ ಅಂಕಿಯನ್ನು ನೋಡಿ ಮರುಳಾಗಬೇಕಿಲ್ಲ. ನನ್ನ ಮನಸ್ಸನ್ನು ಒಲಿಸಿದ್ದು ಬೇರೊಂದು ಗುಣ. ಈಗಿನ ಕೆಲವು ಮಣೆಗಳಲ್ಲಿ ಸ್ವಿಚ್ಚನ್ನು ಬೆಸುಗೆ ಹಾಕಿರುವುದಿಲ್ಲ. ಸಣ್ಣ ಚಿಮಟದಿಂದ ಕಿತ್ತು ಇನ್ನೊಂದನ್ನು ಕೂರಿಸಬಹುದು. ಕೆಟ್ಟದ್ದು ಒಂದು ಕೀಲಿಯಾದರೆ ಬದಲಿಸುವುದೂ ಒಂದೇ ಕೀಲಿಯನ್ನು. ಒಂದು ಹಲ್ಲು ಹುಳುಕಾದರೆ ಇಡೀ ದವಡೆಯನ್ನು ಕಿತ್ತೆಸೆಯುವ ವೈದ್ಯನನ್ನು ನಾವು ಒಪ್ಪುವೆವೆ?

ದೋಷಗಳನ್ನೂ ಮುಚ್ಚಿಡಬಾರದು. ನೀಲಿ ಸ್ವಿಚ್ಚನ್ನು ರಾತ್ರಿ ಹನ್ನೊಂದಕ್ಕೆ ಬಳಸಿದರೆ ಮನೆಯ ಶಾಂತಿಗೆ ಭಂಗ ತಪ್ಪಿದ್ದಲ್ಲ. ಈ ಮಣೆಗಳಲ್ಲಿ ಹಲವು ಎತ್ತರವಾಗಿರುವುದರಿಂದ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ನೋವಿಗೆ ಇದೇ ಮದ್ದೆಂದು ಕೊಂಡವನಿಗೆ ನಿರಾಶೆಯಾದೀತು. ಇನ್ನು ಹತ್ತು ಸಾವಿರದ ಗಡಿ ದಾಟಿದ ಮೇಲೆ ನಾವು ಹಣ ತೆರುವುದು ಹೆಚ್ಚಾಗಿ ಲೋಹದ ಕವಚಕ್ಕೆ, ಬಣ್ಣದ ದೀಪಕ್ಕೆ, ಇಂಪಾದ ಸದ್ದಿಗೆ. ಅದು ಸಂತೋಷಕ್ಕೆ ತೆತ್ತ ಹಣ. ತಪ್ಪಲ್ಲ, ಆದರೆ ಅಗತ್ಯವೆಂದು ಹೆಸರಿಡಬಾರದು.

ಜಪಾನಿನ ಗಣಕ ವಿಜ್ಞಾನಿ ಎಯಿಚಿ ವಾಡಾ ಅವರು 1990ರ ದಶಕದಲ್ಲಿ ಪುಟ್ಟದೊಂದು ಕೀಲಿಮಣೆಯನ್ನು ರೂಪಿಸಿದವರು. ಅಮೆರಿಕದ ದನಗಾಹಿಯು ಕುದುರೆ ಸತ್ತರೆ ಅದನ್ನು ಅಲ್ಲೇ ಬಿಟ್ಟು ನಡೆಯುತ್ತಾನೆ, ಜೀನನ್ನು ಮಾತ್ರ ಬಿಡುವುದಿಲ್ಲ. ಗಣಕವು ಕುದುರೆಯಾದರೆ ಕೀಲಿಮಣೆಯು ಮೈಗೆ ಹೊಂದಿದ ಜೀನು ಎಂಬುದು ಅವರ ಹೋಲಿಕೆ. ಒಪ್ಪತಕ್ಕ ಮಾತು. ಆದರೆ ಮದುವೆಯ ಮೆರವಣಿಗೆಗಾಗಿ ಒಂದು ಸಂಜೆ ಕುದುರೆ ಏರುವ ಮದುಮಗ ಜೀನನ್ನು ಕೊಳ್ಳುವುದಿಲ್ಲವಷ್ಟೆ! ವಾರಕ್ಕೆರಡು ಪತ್ರ ಬರೆಯುವವರಿಗೆ ಐದುನೂರು ರೂಪಾಯಿಯ ಮಣೆಯೇ ಸಾಕು. ಪ್ರಬಂಧ ಬರೆಯುವ ವಿದ್ಯಾರ್ಥಿ ಉಳಿದ ಹಣದಲ್ಲಿ ಒಳ್ಳೆಯ ನಿಘಂಟನ್ನು ಕೊಳ್ಳುವುದು ಮೇಲು. ದಿನಕ್ಕೆ ನಾಲ್ಕಾರು ಗಂಟೆ ಬೆರಳೂರಿ ಬದುಕುವವರು ನಾಲ್ಕು ಸಾವಿರಕ್ಕೆ ಹಿಂಜರಿಯಬೇಕಾಗಿಲ್ಲ. ವರ್ಷಗಳಿಗೆ ಹಂಚಿದರೆ ಅದು ದಿನಕ್ಕೊಂದೆರಡು ರೂಪಾಯಿಯ ಮಾತು.

ನಾನು ಕಂದು ಸ್ವಿಚ್ಚಿನ ಮಣೆಯನ್ನು ಕೊಂಡೆ. ಮೇಜಿನ ಸೆಳೆಖಾನೆಯಲ್ಲಿ ನಾಲ್ಕು ಬಿಡಿ ಸ್ವಿಚ್ಚುಗಳೂ ಇವೆ. 'ಎಫ್' ಮುಷ್ಕರ ಹೂಡಿದ ದಿನ ಅದರ ಜಾಗಕ್ಕೆ ಇನ್ನೊಬ್ಬ ಆಳು ಬರುತ್ತಾನೆ. ಹೊಸ ಮಣೆಯಿಂದ ನನ್ನ ಬರಹ ಉತ್ತಮವಾಯಿತೆಂದು ಹೇಳಲಾರೆ. ಸ್ಮರನು ಸ್ಮರನಾಗಿಯೇ ಉಳಿದಿದ್ದಾನೆ, ಅಷ್ಟು ನಿಜ. ಆದರೆ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈಗ ನೆಲ ಸಮವಾಗಿದೆ. ಇನ್ನು ಮೇಲಿನ ತಪ್ಪುಗಳೆಲ್ಲ ನನ್ನವೇ.