ಕ್ಯಾನ್ಸರ್ ಊರುವ ಜಾಗ

ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ, ಆಂಡರ್‌ಸನ್‌ಪೇಟೆಯಲ್ಲಾಗಲಿ, ಗಣಿ ಕಾಲೊನಿಗಳ ಸಾಲುಮನೆಗಳಲ್ಲಾಗಲಿ ಸಿಲಿಕೋಸಿಸ್ ಅಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫ್‌ನಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಇಳಿದು ಬಂಡೆ ಕೊರೆದವರ ಕೆಮ್ಮು ಅವರ ಮೊಮ್ಮಕ್ಕಳ ಕಿವಿಯಲ್ಲಿ ಇನ್ನೂ ಇದೆ. ಆ ಕಾಯಿಲೆಯ ರೀತಿ ವಿಚಿತ್ರವಾದದ್ದು. ಶ್ವಾಸಕೋಶ ಹೊಕ್ಕ ಕಲ್ಲಿನ ಧೂಳು ತಾನಾಗಿ ಬೆಳೆಯುವುದಿಲ್ಲ. ಅದನ್ನು ಸುತ್ತುಗಟ್ಟಲು ಹೋಗಿ ಸುತ್ತಲಿನ ಅಂಗಾಂಶವೇ ಕೊಲಾಜೆನ್ ನಾರನ್ನು ಪದರ ಪದರವಾಗಿ ಹಾಕುತ್ತ ಹೋಗುತ್ತದೆ. ಸ್ಪಂಜಿನಂತಿರಬೇಕಾದ ಶ್ವಾಸಕೋಶ ಗಡುಸಾಗಿ ಉಸಿರು ಕಟ್ಟುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೂ ಎಷ್ಟೋ ಮಂದಿಯ ಎದೆಯೊಳಗೆ ಆ ನಾರು ಕಟ್ಟುವ ಕೆಲಸ ನಿಲ್ಲಲಿಲ್ಲ.

ಇದೇ ಊರಿನ ಹೆಂಗಸರಿಗೆ ಬರುವ ಒಂದು ಕಾಯಿಲೆಯಲ್ಲೂ ಸುತ್ತಲಿನ ಅಂಗಾಂಶದ ಕೈವಾಡ ದೊಡ್ಡದು. ಅದು ಅಂಡಾಶಯದ ಕ್ಯಾನ್ಸರ್. ಗಂಡಸರ ಎದೆಯ ಬಗ್ಗೆ ಇಲ್ಲಿ ಸರ್ಕಾರಕ್ಕೆ ಅರ್ಜಿಗಳು ಹೋಗಿವೆ, ಪರಿಹಾರದ ಜಗಳಗಳು ನಡೆದಿವೆ. ಹೆಂಗಸರ ಹೊಟ್ಟೆಯ ಮಾತು ಮಾತ್ರ ಅಡುಗೆಮನೆ ದಾಟುವುದೇ ಇಲ್ಲ. ಹೊಟ್ಟೆ ಉಬ್ಬುತ್ತದೆ, ಎರಡು ತುತ್ತಿಗೇ ತುಂಬಿದಂತಾಗುತ್ತದೆ. "ಗ್ಯಾಸ್ಟ್ರಿಕ್ ಇರ್ಬೇಕಕ್ಕ, ಓಮದ ನೀರು ಕುಡೀರಿ, ಸರಿಹೋಗ್ತದೆ" ಎಂದು ಪಕ್ಕದ ಮನೆಯವರು ಸಮಾಧಾನ ಹೇಳುತ್ತಾರೆ. ಮೆಡಿಕಲ್ ಶಾಪಿನಿಂದ ನಾಲ್ಕು ಮಾತ್ರೆ ಬರುತ್ತದೆ. ತಿಂಗಳುಗಳು ಹೀಗೇ ಕಳೆಯುತ್ತವೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 47,000 ಹೆಂಗಸರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂತು. ಸುಮಾರು 33,000 ಮಂದಿ ಅದರಿಂದ ತೀರಿಕೊಂಡರು. ಬಹುಪಾಲು ಹೆಂಗಸರಲ್ಲಿ ರೋಗ ಗೊತ್ತಾಗುವ ಹೊತ್ತಿಗೆ ಹೊಟ್ಟೆಯೆಲ್ಲ ಹರಡಿಕೊಂಡಿರುತ್ತದೆ.

ಅದು ಹರಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ತನದ ಕ್ಯಾನ್ಸರ್ ದೂರ ಹೋಗಬೇಕಾದರೆ ರಕ್ತನಾಳವನ್ನೋ ದುಗ್ಧನಾಳವನ್ನೋ ಹೊಕ್ಕು ಹೊರಬರಬೇಕು. ಅಂಡಾಶಯದ ಕ್ಯಾನ್ಸರಿಗೆ ಆ ಪಾಡಿಲ್ಲ. ಅದರ ಹೆಚ್ಚು ಕಾಣುವ, ಹೆಚ್ಚು ಉಗ್ರವಾದ ಬಗೆ ಎಷ್ಟೋ ಸಲ ಅಂಡನಾಳದ ತುದಿಯಲ್ಲೇ ಮೊದಲಾಗುತ್ತದೆಂದು ಈಗ ತಿಳಿದಿದೆ. ಅಲ್ಲಿಂದ ಕಳಚಿದ ಕೋಶಗಳು ನೇರವಾಗಿ ಹೊಟ್ಟೆಯ ಟೊಳ್ಳಿಗೇ ಬೀಳುತ್ತವೆ. ಅಲ್ಲಿ ನೀರು ತುಂಬುತ್ತ ಬರುತ್ತದೆ. ಸೂಜಿ ಹಾಕಿ ತೆಗೆದರೆ ಬಾಟಲಿಗೆ ಇಳಿಯುವುದು ತೆಳು ಹಳದಿ ದ್ರವ, ಕೆಲವೊಮ್ಮೆ ರಕ್ತ ಬೆರೆತದ್ದು. ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕ್ಯಾನ್ಸರ್ ಕೋಶಗಳು ಗುಂಪುಗುಂಪಾಗಿ ಉಂಡೆಗಟ್ಟಿ ತೇಲುವುದು ಕಾಣುತ್ತದೆ.

ಈ ಉಂಡೆಗಳನ್ನು ಹತ್ತಿರದಿಂದ ನೋಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮ್‌ರೇ ಭಟ್ ಅವರ ಪ್ರಯೋಗಾಲಯದವರು ಮುಖ್ಯರು. ಉಂಡೆಗಳಲ್ಲಿ ಎರಡು ಬಗೆ ಇವೆಯೆಂದು 2021ರಲ್ಲಿ ಅವರು ಪ್ರಕಟಿಸಿದರು. ಒಂದು ಬಗೆಯದು ಏರುತಗ್ಗಿನ ಗಟ್ಟಿ ಮುದ್ದೆ. ಇನ್ನೊಂದು ಬಗೆ ಒಳಗೆ ಟೊಳ್ಳಾಗಿ, ಹೊರಗೆ ನುಣುಪಾಗಿ ಇರುತ್ತದೆ. ಅದರ ಮೈಮೇಲೆ ಕೊಲಾಜೆನ್-4 ಇರುವ ಒಂದು ಹೊದಿಕೆ. ಆ ಕೊಲಾಜೆನ್ನನ್ನು ಕಿಣ್ವದಿಂದ ಕರಗಿಸಿದರೆ ಟೊಳ್ಳು ಕುಸಿದು ಉಂಡೆ ಮೊದಲಿನ ಮುದ್ದೆಯಾಗುತ್ತದೆ. ಅಂದರೆ ಅಂಗಾಂಶದಿಂದ ಕಳಚಿಕೊಂಡು ಬಂದ ಕೋಶ ನೀರಿನಲ್ಲಿ ತೇಲುವಾಗಲೂ ತನ್ನ ಸುತ್ತ ಒಂದು ಅಂಗಾಂಶವನ್ನು ತಾನೇ ಹೆಣೆದುಕೊಳ್ಳುತ್ತದೆ. ಇದನ್ನು ಓದಿದಾಗ ನನಗೆ ಬೆರಗಿಗಿಂತ ಭಯವೇ ಹೆಚ್ಚಾಯಿತು.

ತೇಲಿದ್ದು ಎಲ್ಲೋ ಒಂದು ಕಡೆ ಊರಲೇಬೇಕು. ಕ್ಯಾನ್ಸರ್ ಸಿಕ್ಕಸಿಕ್ಕಲ್ಲಿ ಬೇರು ಬಿಡುವುದಿಲ್ಲ, ಬೀಜದಷ್ಟೇ ಮಣ್ಣೂ ಮುಖ್ಯ ಎಂಬ ಮಾತನ್ನು ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಮುಂದಿಟ್ಟಿದ್ದ. ಅಂಡಾಶಯದ ಕ್ಯಾನ್ಸರಿಗೆ ತುಂಬಾ ಒಗ್ಗುವ ನೆಲ ಓಮೆಂಟಮ್, ಎಂದರೆ ಕರುಳಿನ ಮುಂದೆ ಏಪ್ರನ್ನಿನಂತೆ ಇಳಿಬಿದ್ದಿರುವ ಕೊಬ್ಬಿನ ಪರದೆ. ಯಾಕೆ ಅಲ್ಲೇ ಎಂಬುದಕ್ಕೆ ಷಿಕಾಗೊ ವಿಶ್ವವಿದ್ಯಾಲಯದ ಅರ್ನ್ಸ್ಟ್ ಲೆಂಗ್ಯೆಲ್ ತಂಡ 2011ರಲ್ಲಿ ಒಂದು ಉತ್ತರ ಕೊಟ್ಟಿತು. ಆ ಪರದೆಯ ಕೊಬ್ಬಿನ ಕೋಶಗಳು ಹೊರಬಿಡುವ ರಾಸಾಯನಿಕ ಸಂಕೇತಗಳು ಕ್ಯಾನ್ಸರ್ ಕೋಶಗಳನ್ನು ತಮ್ಮತ್ತ ಸೆಳೆಯುತ್ತವೆ. ಸೆಳೆದ ಮೇಲೆ ತಮ್ಮಲ್ಲಿರುವ ಕೊಬ್ಬನ್ನೇ ಅವಕ್ಕೆ ಇಂಧನವಾಗಿ ಒದಗಿಸುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಓಮೆಂಟಮನ್ನೂ ತೆಗೆಯುವ ಪದ್ಧತಿ ಇದಕ್ಕಿಂತ ಹಳೆಯದು. ಯಾಕೆ ತೆಗೆಯಬೇಕೆಂಬುದು ಈಗ ಕೋಶದ ಮಟ್ಟದಲ್ಲಿ ಅರ್ಥವಾಗುತ್ತಿದೆ.

ಓಮೆಂಟಮ್ಮಿನ ಮೇಲೂ ಹೊಟ್ಟೆಯ ಒಳಗೋಡೆಯ ಮೇಲೂ ಒಂದೇ ಸಾಲಿನ ಕೋಶಗಳ ತೆಳು ಹಾಸು ಇದೆ. ಮೀಸೋಥೀಲಿಯಮ್ ಎನ್ನುತ್ತಾರೆ. ಕರುಳು ಗೋಡೆಗೆ ಅಂಟದೆ ಜಾರಾಡುವುದು ಈ ಹಾಸಿನಿಂದ. ಕ್ಯಾನ್ಸರಿಗೆ ಮೊದಲ ಅಡ್ಡಿಯೂ ಇದೇ. ಭಟ್ ಅವರ ತಂಡ ಮುಂದೆ ಕೈಗೆತ್ತಿಕೊಂಡದ್ದು ಈ ಹಾಸಿಗೆ ವಯಸ್ಸಾದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು. ಇಲಿಗಳ ಒಳಪೊರೆಯನ್ನೂ, ಮನುಷ್ಯರ ಕೋಶಗಳಿಂದ ಬೆಳೆಸಿದ ಹಾಸನ್ನೂ ತೆಗೆದುಕೊಂಡು, ಕೆಲವಕ್ಕೆ ಕಿಮೋಥೆರಪಿ ಔಷಧ ಹಾಕಿದರು. ಆ ಔಷಧದ ಹೊಡೆತಕ್ಕೆ ಆರೋಗ್ಯವಂತ ಕೋಶಗಳೂ ವಿಭಜನೆ ನಿಲ್ಲಿಸಿ ಮುಪ್ಪಾಗುತ್ತವೆ. ಎಳೆಯ ಹಾಸು, ಮುಪ್ಪಾದ ಹಾಸು ಎರಡರ ಮೇಲೂ ಕ್ಯಾನ್ಸರ್ ಕೋಶಗಳನ್ನು ಬಿಟ್ಟು, ದಿನಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುತ್ತ ಕಾದರು. ಕ್ಯಾನ್ಸರ್ ಕೋಶಗಳು ಮುಪ್ಪಾದ ಕೋಶಗಳ ಹತ್ತಿರವೇ ಹೆಚ್ಚಾಗಿ ಊರಿದವು. ಕಾರಣ ಹುಡುಕಿದಾಗ, ಮುಪ್ಪಾದ ಕೋಶಗಳು ತಮ್ಮ ಅಡಿಯಲ್ಲಿ ಫೈಬ್ರೋನೆಕ್ಟಿನ್, ಲ್ಯಾಮಿನಿನ್, ಹೈಯಲುರೊನಾನ್‌ನಂಥ ವಸ್ತುಗಳನ್ನು ಹೆಚ್ಚಾಗಿ ಸುರಿದಿದ್ದವು. ಕ್ಯಾನ್ಸರ್ ಕೋಶ ಆ ಹಾಸುಗಲ್ಲಿಗೆ ಗಟ್ಟಿಯಾಗಿ ಅಂಟಿ, ಹರಡಿ, ಕೊನೆಗೆ ಅದನ್ನು ಹಾಕಿಕೊಟ್ಟ ಮುದಿ ಕೋಶವನ್ನೇ ಅಲ್ಲಿಂದ ಎಬ್ಬಿಸಿಬಿಡುತ್ತದೆ.

ಈ ಫಲಿತಾಂಶವನ್ನು ತಪ್ಪಾಗಿ ಓದುವ ಅಪಾಯವಿದೆ. ಕಿಮೋ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದಂತೆ ಎಂಬ ಪಿಸುಮಾತು ಮೊದಲೇ ನಮ್ಮ ಊರುಗಳಲ್ಲಿ ಓಡಾಡುತ್ತಿದೆ. ಈ ಪ್ರಯೋಗ ಹಾಗೆ ಹೇಳುತ್ತಿಲ್ಲ. ಶಸ್ತ್ರಚಿಕಿತ್ಸೆ ಮತ್ತು ಕಿಮೋ ಜೊತೆಯಾಗಿ ಇವತ್ತಿಗೂ ಈ ರೋಗಕ್ಕೆ ಮುಖ್ಯ ಚಿಕಿತ್ಸೆ. ಅರ್ಧಕ್ಕೆ ಬಿಟ್ಟವರಿಗೆ ಉಳಿಯುವುದು ಅಪಾಯವೊಂದೇ. ಗಡ್ಡೆ ಕರಗಿಸುವ ಔಷಧದ ಜೊತೆಗೆ ಸುತ್ತಲಿನ ಅಂಗಾಂಶವನ್ನು ಕಾಪಾಡುವ, ಅಥವಾ ಅಲ್ಲಿನ ಮುದಿ ಕೋಶಗಳನ್ನು ತೆರವು ಮಾಡುವ ಔಷಧವನ್ನೂ ಮುಂದೆ ಸೇರಿಸಬಹುದೇ ಎಂಬ ದಾರಿಯನ್ನು ಈ ಕೆಲಸ ತೋರಿಸುತ್ತಿದೆ. ನನಗೆ ಇದರಲ್ಲಿ ನಿಜವಾದ ಭರವಸೆ ಕಾಣುತ್ತದೆ. ಕ್ಯಾನ್ಸರ್ ಕೋಶ ದಿನಕ್ಕೊಂದು ರೂಪ ತಾಳಿ ಔಷಧದಿಂದ ನುಣುಚಿಕೊಳ್ಳುತ್ತದೆ; ಸುತ್ತಲಿನ ಆರೋಗ್ಯವಂತ ಅಂಗಾಂಶ ಅಷ್ಟು ಬೇಗ ಬದಲಾಗುವುದಿಲ್ಲ.

ಈ ಸಂಶೋಧನೆ ಔಷಧವಾಗಿ ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಗೆ ಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಸಮಯವನ್ನು ನಾವೇ ಉಳಿಸಿಕೊಳ್ಳಬೇಕು. ಗರ್ಭಕೊರಳಿನ ಕ್ಯಾನ್ಸರಿಗೆ ಮಾಡುವ ಪ್ಯಾಪ್ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಲಕ್ಷಣ ಏನೂ ಇಲ್ಲದ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಅಧ್ಯಯನಕ್ಕೆ ಒಳಪಡಿಸಿ, ಸಿಎ-125 ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿ ನೋಡಿದರೂ ಸಾವು ಕಡಿಮೆಯಾಗಲಿಲ್ಲ ಎಂದು 2021ರಲ್ಲಿ ಗೊತ್ತಾಯಿತು. ಹಾಗಾಗಿ ಮೈ ಕೊಡುವ ಸುಳಿವನ್ನೇ ನಂಬಬೇಕು. ಮುಟ್ಟು ನಿಂತ ವಯಸ್ಸಿನವರಲ್ಲಿ ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಅವಸರ ಇವು ಹೊಸದಾಗಿ ಶುರುವಾಗಿ ಎರಡು ಮೂರು ವಾರ ಬಿಡದಿದ್ದರೆ ಓಮದ ನೀರನ್ನು ಬದಿಗಿಟ್ಟು ಸ್ಕ್ಯಾನಿಂಗ್ ಮಾಡಿಸಬೇಕು. ಸ್ಕ್ಯಾನಿನಲ್ಲಿ ಅನುಮಾನ ಬಂದರೆ ಸಿಕ್ಕಲ್ಲಿ ಆಪರೇಷನ್ ಮಾಡಿಸಿಕೊಳ್ಳುವುದು ಬೇಡ. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿಗೆ ಕಾಣುವ ಗಡ್ಡೆಯೆಲ್ಲ ಹೋಯಿತೇ ಇಲ್ಲವೇ ಎಂಬುದರ ಮೇಲೆ ಮುಂದಿನ ಆಯುಷ್ಯ ಬಹಳಷ್ಟು ನಿಂತಿದೆ. ಅದಕ್ಕೆ ಹೆಂಗಸರ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲೇ ಪಳಗಿದ ಕೈ ಬೇಕು. ಕೋಲಾರದ ಟಮಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆಯ ಮೇಲೆ ದಿನವೂ ಕೂಲಿಗೆ, ನೌಕರಿಗೆ ಬೆಂಗಳೂರಿಗೆ ಹೋಗಿಬರುವ ಊರಿಗೆ ಆ ದಾರಿ ಹೊಸದಲ್ಲ.

ಇನ್ನೊಂದು ಮಾತು, ಮನೆಯಲ್ಲಿ ಈ ರೋಗ ಖಚಿತವಾದವರ ಅಕ್ಕತಂಗಿಯರಿಗೆ, ಹೆಣ್ಣುಮಕ್ಕಳಿಗೆ. ಬಿಆರ್‌ಸಿಎ-1 ಜೀನ್‌ನಲ್ಲಿ ದೋಷವಿರುವ ನೂರು ಹೆಂಗಸರಲ್ಲಿ ಸುಮಾರು 40 ಮಂದಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಂಭವವಿದೆ. ರೋಗಿಗೆ ಮೊದಲು ಈ ಜೀನ್ ಪರೀಕ್ಷೆ ಆಗಬೇಕು. ದೋಷ ಕಂಡರೆ ಮನೆಯ ಉಳಿದ ಹೆಂಗಸರೂ ಮಾಡಿಸಿಕೊಳ್ಳಬಹುದು. ದೋಷ ಇರುವವರು ಮಕ್ಕಳಾದ ಮೇಲೆ ವೈದ್ಯರೊಡನೆ ಕೂತು ಮಾತಾಡಿ ಅಂಡನಾಳ, ಅಂಡಾಶಯಗಳನ್ನು ಮುಂಚೆಯೇ ತೆಗೆಸಿಕೊಂಡರೆ ಅಪಾಯ ಬಹುಮಟ್ಟಿಗೆ ಇಳಿಯುತ್ತದೆ.