ಒಂದಂಕದ ಪ್ರಶ್ನೆ, ನಾಲ್ಕು ತಾಲ್ಲೂಕಿನ ಉತ್ತರ

‘ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯನ್ನು ಜಾರಿಗೆ ತಂದವರು ಯಾರು?’ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಿದವರಿಗೆ ಈ ಪ್ರಶ್ನೆ ಚಿರಪರಿಚಿತ. ನಾಲ್ಕು ಹೆಸರುಗಳ ನಡುವೆ ಲಾರ್ಡ್ ಡಾಲ್‌ಹೌಸಿಯ ಹೆಸರಿರುತ್ತದೆ. ಅದರ ಮುಂದಿನ ವೃತ್ತಕ್ಕೆ ಮಸಿ ತುಂಬಿದರೆ ಒಂದು ಅಂಕ ಕೈಗೆ ಬಂತು. ಗೈಡಿನಲ್ಲಿ ಅದರ ಪಕ್ಕದಲ್ಲೇ 1848 ಎಂಬ ಇಸವಿ, ಸಾತಾರಾ, ಝಾನ್ಸಿ, ನಾಗಪುರ ಎಂಬ ಹೆಸರುಗಳು. ಕೆಲವು ಪುಟ ತಿರುವಿದರೆ ಕಿತ್ತೂರಿನ ಮೊದಲ ಯುದ್ಧ ಯಾವಾಗ ನಡೆಯಿತು ಎಂಬ ಇನ್ನೊಂದು ಪ್ರಶ್ನೆ, 1824ರ ಅಕ್ಟೋಬರ್ 23 ಎಂಬ ಉತ್ತರ. ಈ ಎರಡೂ ಉತ್ತರಗಳು ಬಾಯಿಪಾಠವಾಗಿರುವವರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಾನಾಗಿ ಏಳುವ ಮೂರನೆಯ ಪ್ರಶ್ನೆಯೊಂದಿದೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬರುವುದಕ್ಕೆ 24 ವರ್ಷ ಮೊದಲೇ ಕಿತ್ತೂರಿನ ದತ್ತುಮಗನಿಗೆ ಹಕ್ಕಿಲ್ಲ ಎಂದವರು ಯಾರು, ಯಾವ ಬಲದ ಮೇಲೆ? ಸಾಮಾನ್ಯ ಜ್ಞಾನವೆಂಬುದು ಶುರುವಾಗುವುದೇ ಈ ಮೂರನೆಯ ಪ್ರಶ್ನೆಯಿಂದ ಎಂಬುದು ಈ ಲೇಖನದ ವಾದ. ಅದಕ್ಕೆ ಬೇಕಾದ ಸಾಕ್ಷಿಯೆಲ್ಲ ಬೆಳಗಾವಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ, ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳಲ್ಲಿ ಸಿಗುತ್ತದೆ.

ಕಿತ್ತೂರಿನ ಸಂಗತಿಯನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು. ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡ. ಅವನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ 1824ರ ಸೆಪ್ಟೆಂಬರಿನಲ್ಲಿ ಸತ್ತ. ಸಾಯುವ ಮುನ್ನ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ಪಡೆದಿರುವುದಾಗಿ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಗೆ ಪತ್ರ ಹೋಯಿತು. ಪತ್ರದ ಮೇಲಿನ ಸಹಿ ಸತ್ತವನದೇ ಹೌದೇ ಎಂದು ಥ್ಯಾಕರೆ ಸಂಶಯಪಟ್ಟ. ಸಹಿ ಖರೆಯಾಗಿದ್ದರೂ ಸರ್ಕಾರದ ಮುಂಚಿನ ಅಪ್ಪಣೆ ಇಲ್ಲದ ದತ್ತು ಸಲ್ಲದು ಎಂದ. ಮುಂದೆ ಮಾಡಿದ ಕೆಲಸ ಇನ್ನೂ ಮುಖ್ಯವಾದದ್ದು: ಕೋಟೆಯ ಖಜಾನೆಗೆ ಮೊಹರು ಹಾಕಿ ಕಾವಲು ನಿಲ್ಲಿಸಿದ. ಮಲ್ಲಸರ್ಜನ ವಿಧವೆ ರಾಣಿ ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೂ, ದಖ್ಖನಿನ ಕಮಿಷನರ್ ಚಾಪ್ಲಿನ್‌ಗೂ ಬರೆದು ನೋಡಿದಳು, ಫಲ ಸಿಗಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ದಂಡು ಹೊರನುಗ್ಗಿದಾಗ ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮ ಕಣ್ಣುಮುಚ್ಚಿದಳು. ಸಮಾಧಿ ಅಲ್ಲೇ ಇದೆ. ಅವಳ ಪರವಾಗಿ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿಸಿದರು. ಸಹಿಯ ಸಂಶಯ, ಅಪ್ಪಣೆಯ ತಕರಾರು, ಖಜಾನೆಯ ಮೊಹರು ಈ ಮೂರನ್ನೂ ಒಟ್ಟಿಗೆ ಓದಿದವರಿಗೆ ಡಾಲ್‌ಹೌಸಿಯ ನೀತಿ ಹೊಸದಾಗಿ ಕಾಣಲು ಸಾಧ್ಯವೇ ಇಲ್ಲ.

ಇದಕ್ಕೆ ಬರುವ ಆಕ್ಷೇಪ ನ್ಯಾಯವಾದದ್ದೇ. ನೀತಿಯನ್ನು ಬಿಗಿಯಾಗಿ, ಒಂದಾದ ಮೇಲೊಂದು ಸಂಸ್ಥಾನಕ್ಕೆ ಅನ್ವಯಿಸಿದವನು ಡಾಲ್‌ಹೌಸಿಯೇ. ಹಾಗಾಗಿ ಗೈಡಿನ ಉತ್ತರ ತಪ್ಪಲ್ಲ. ಒಪ್ಪಬೇಕು, ತಪ್ಪಲ್ಲ. ಆದರೆ ಕಂಪನಿಯ ನಿರ್ದೇಶಕರು 1834ರಲ್ಲೇ ದತ್ತಿಗೆ ಒಪ್ಪಿಗೆ ಕೊಡುವುದು ಅಪರೂಪದ ಅನುಗ್ರಹವಾಗಿರಬೇಕೆಂದು ಹೇಳಿದ್ದರು. 1840ರಲ್ಲಿ ಕೊಲಾಬಾ ಸಂಸ್ಥಾನ ಕಂಪನಿಯ ಪಾಲಾಗಿತ್ತು. ‘ಯಾರು?’ ಎಂದು ಕೇಳಿ ಒಂದು ಹೆಸರು ಬರೆಸಿಕೊಂಡಾಗ, ದಶಕಗಟ್ಟಲೆ ಬೆಳೆದ ಹಸಿವೊಂದು ಒಬ್ಬ ಮನುಷ್ಯನ ಹುಕುಮಿನಷ್ಟಕ್ಕೆ ಇಳಿಯುತ್ತದೆ. ಅದರ ಕೊನೆಯ ಅಂಕವನ್ನೂ ನೋಡಬೇಕೆಂದರೆ ದೂರದ ಝಾನ್ಸಿಗೆ ಹೋಗಬೇಕಾಗಿಲ್ಲ, ರಾಮದುರ್ಗ ತಾಲ್ಲೂಕಿನ ಸುರೇಬಾನಕ್ಕೆ ಬಂದರೆ ಸಾಕು. ನರಗುಂದದ ಅರಸ ಬಾಬಾಸಾಹೇಬ ಭಾವೆಗೂ ದತ್ತಿನ ಅಪ್ಪಣೆ ಸಿಕ್ಕಿರಲಿಲ್ಲ. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದಾಗ ನರಗುಂದದ ದಂಡು ರಾತ್ರಿ ಮೇಲೆ ಬಿದ್ದು ಅವನನ್ನು ಕೊಂದಿತು. ಮುಂದಿನ ತಿಂಗಳೇ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ಸಂಬಂಧಿಕರ ರಾಮದುರ್ಗ ಸಂಸ್ಥಾನ ಮಾತ್ರ ಇಂಗ್ಲಿಷರ ಕಡೆ ನಿಂತು 1948ರ ವರೆಗೂ ಉಳಿಯಿತು. 1824ರ ಕಿತ್ತೂರಿಗೂ 1858ರ ಸುರೇಬಾನಕ್ಕೂ ನಡುವೆ 34 ವರ್ಷ. ಗೈಡುಗಳಲ್ಲಿ ಇವು ಬೇರೆ ಬೇರೆ ಅಧ್ಯಾಯದ ಬಿಡಿ ಉತ್ತರಗಳು. ನೆಲದ ಮೇಲೆ ನೋಡಿದರೆ ಒಂದೇ ಜಗಳದ ಮೊದಲು ಮತ್ತು ಕೊನೆ.

ಊರಿನ ಅಭಿಮಾನ ಇಂಥ ವಾದವನ್ನು ದಾರಿ ತಪ್ಪಿಸುತ್ತದೆ ಎನ್ನುವವರೂ ಇದ್ದಾರೆ. ಕಿತ್ತೂರಿನವರು ‘ದೇಶದ ಮೊದಲ ಸ್ವಾತಂತ್ರ್ಯ ಸಂಗ್ರಾಮ’ ಎನ್ನುತ್ತಾರೆ. ಒಡಿಶಾದವರು 1817ರ ಪೈಕ ದಂಗೆಯನ್ನು ಮುಂದಿಡುತ್ತಾರೆ. ತಮಿಳುನಾಡು ಶಿವಗಂಗೆಯ ವೇಲು ನಾಚಿಯಾರಳನ್ನು ನೆನೆಯುತ್ತದೆ. ನಮ್ಮದೇ ಕೊಪ್ಪಳದ ವೀರಪ್ಪ 1819ರಲ್ಲಿ ಎದ್ದಿದ್ದ. ಈ ಎಚ್ಚರಿಕೆ ಸರಿಯಾಗಿಯೇ ಇದೆ, ಆದರೆ ರೋಗ ಇರುವುದು ಅಭಿಮಾನದಲ್ಲಿ ಎಂದು ನನಗೆ ಅನ್ನಿಸುವುದಿಲ್ಲ. ‘ಮೊದಲ’, ‘ಅತಿ ಎತ್ತರದ’, ‘ಅತಿ ಉದ್ದದ’ ಎಂಬ ಪ್ರಶ್ನೆಯ ಅಚ್ಚಿನಲ್ಲೇ ರೋಗವಿದೆ. ಆ ಅಚ್ಚಿಗೆ ಹಾಕಿದ ಕೂಡಲೇ ಎಲ್ಲ ಬಂಡಾಯಗಳೂ ಓಟದ ಸ್ಪರ್ಧೆಗೆ ನಿಂತಂತಾಗುತ್ತವೆ. ಒಬ್ಬಳು ವಿಧವೆ ರಾಣಿ ಕಲೆಕ್ಟರನ ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡುತ್ತ ಬಂದು, ಖಜಾನೆಗೆ ಮೊಹರು ಬಿದ್ದ ಮೇಲೆ ಕತ್ತಿ ಹಿಡಿದಳು ಎಂಬ ಸಂಗತಿಯ ಬೆಲೆ, ಅವಳು ಮೊದಲನೆಯವಳೋ ನಾಲ್ಕನೆಯವಳೋ ಎಂಬುದರಿಂದ ಹೆಚ್ಚು ಕಡಿಮೆ ಆಗದು.

ಹಾಗಿದ್ದರೂ ಓದುವ ಮಕ್ಕಳ ಕಷ್ಟ ಬೇರೆಯೇ ಇದೆ. ಧಾರವಾಡದ ಗ್ರಂಥಾಲಯಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯ ತನಕ ಕೂರುವ ಪಿಡಿಒ, ಎಫ್‌ಡಿಎ, ಪಿಎಸ್‌ಐ ಆಕಾಂಕ್ಷಿಗೆ ಇತಿಹಾಸ, ಭೂಗೋಳ, ವಿಜ್ಞಾನ, ಪ್ರಚಲಿತ ವಿದ್ಯಮಾನ ಎಲ್ಲವೂ ತಲೆಯಲ್ಲಿರಬೇಕು. ನಿಂತು ಯೋಚಿಸುವ ಪುರುಸೊತ್ತು ಎಲ್ಲಿಂದ ತರಬೇಕು? ಈ ಆಕ್ಷೇಪಕ್ಕೆ ಉತ್ತರ ಮಲಪ್ರಭಾ ಹೊಳೆಯಲ್ಲಿದೆ. ಹೊಳೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಮಳೆ ಎಡೆಬಿಡದೆ ಸುರಿಯುವ ಘಟ್ಟದ ನೆತ್ತಿಯಲ್ಲಿ. ಪೂರ್ವಕ್ಕೆ ಹರಿದಂತೆಲ್ಲ ಮಳೆ ಕಡಿಮೆಯಾಗಿ ಬೈಲಹೊಂಗಲದ ಎರೆ ಹೊಲಗಳು ಶುರುವಾಗುತ್ತವೆ. ಸವದತ್ತಿಗೆ ಬರುವ ಹೊತ್ತಿಗೆ ಅಡ್ಡಲಾಗಿ ಕಲ್ಲುಗುಡ್ಡದ ಸಾಲೊಂದು ನಿಂತಿದೆ. ಹೊಳೆ ಆ ಗುಡ್ಡವನ್ನು ಸುತ್ತಿ ಹೋಗದೆ ಸೀಳಿಕೊಂಡೇ ಹೋಗಿದೆ. ಆ ಸೀಳೇ ನವಿಲುತೀರ್ಥ. ಎರಡೂ ಬದಿಯ ಬಂಡೆ ಒಂದೇ ಜಾತಿಯದು: ಮರಳುಗಲ್ಲು ಗಟ್ಟಿಯಾಗಿ ಬೆಣಚುಕಲ್ಲಿನಂತಾದದ್ದು, ಪದರದ ಮೇಲೆ ಪದರ ಇಟ್ಟಂತಿರುವುದು. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹ ಎಂದು ಕರೆಯುವ, ನೂರು ಕೋಟಿ ವರ್ಷಕ್ಕೂ ಹಳೆಯದಾದ ಈ ಕಲ್ಲುಗಳ ಒಳವಿಭಾಗಗಳಲ್ಲಿ ಒಂದಕ್ಕೆ ‘ರಾಮದುರ್ಗ ಫಾರ್ಮೇಶನ್’ ಎಂದು ಹೆಸರು, ಅದರೊಳಗಿನ ಒಂದು ಪದರಕ್ಕೆ ‘ಸವದತ್ತಿ ಕ್ವಾರ್ಟ್‌ಜೈಟ್’ ಎಂದು ಹೆಸರು. ಸಂತೆಗೆ ಹೋಗಿಬರುವ ಊರುಗಳ ಹೆಸರು ವಿಜ್ಞಾನದ ಪ್ರಬಂಧಗಳಲ್ಲಿ ಕೂತಿದೆ ಎಂಬುದು ಆ ಭಾಗದ ಪ್ರತಿ ಶಾಲೆಯಲ್ಲೂ ಹೇಳಬೇಕಾದ ಸಂಗತಿ.

ಕಿರಿದಾದ ಸೀಳು, ಎರಡು ಬದಿಗೂ ಗಟ್ಟಿ ಕಲ್ಲು, ಹಿಂದೆ ಅಗಲವಾದ ತಗ್ಗು. ಅಣೆಕಟ್ಟು ಕಟ್ಟುವವನು ಇದಕ್ಕಿಂತ ಹೆಚ್ಚಿನದನ್ನು ಏನು ಬಯಸಿಯಾನು? 1970ರ ದಶಕದ ಆರಂಭದಲ್ಲಿ ಅಲ್ಲಿ ಅಣೆಕಟ್ಟು ಎದ್ದಿತು. ಯಲ್ಲಮ್ಮನಗುಡ್ಡದ ದೇವಿಯ ಹೆಸರಿನಲ್ಲಿ ಜಲಾಶಯ ರೇಣುಕಾಸಾಗರವಾಯಿತು. ಅದರ ಸಾಮರ್ಥ್ಯ ಸುಮಾರು 37.73 ಟಿಎಂಸಿ ಎಂಬುದು ಪರೀಕ್ಷೆಗೆ ಓದುವವರು ಉರುಹೊಡೆಯುವ ಅಂಕಿ. ಆದರೆ ಜಲಾಶಯ ಎಷ್ಟೋ ವರ್ಷ ತುಂಬುವುದಿಲ್ಲ ಎಂಬುದನ್ನು ಅದರ ಜೊತೆಗೆ ಇಟ್ಟರೆ ಮಿಕ್ಕ ಉತ್ತರಗಳು ಒಂದರ ಹಿಂದೆ ಒಂದು ಬರುತ್ತವೆ. ಕಾಲುವೆಯ ನೀರು ಹೇಳಿದಷ್ಟು ಬಾರದೆ ಅಭಿವೃದ್ಧಿ ಕರದ ನೋಟಿಸು ಮಾತ್ರ ಬಂದದ್ದರಿಂದ ನರಗುಂದ, ನವಲಗುಂದ, ಸವದತ್ತಿ ಭಾಗದ ರೈತರು ಎದ್ದರು. 1980ರ ಜುಲೈ 21ರಂದು ಗೋಲಿಬಾರ್ ಆಯಿತು. ನಾಡಿನ ರೈತ ಚಳವಳಿಗೆ ಅಲ್ಲಿಂದ ಹೊಸ ಬಲ ಬಂತು. ಘಟ್ಟದ ಆಚೆ ಹರಿದುಹೋಗುವ ಮಹದಾಯಿಯ ಹಳ್ಳಗಳನ್ನು ಈಚೆ ತಿರುಗಿಸಿರೆಂಬ ಕಳಸಾ–ಬಂಡೂರಿಯ ಕೂಗು ಎದ್ದದ್ದೂ ಇದೇ ಕೊರತೆಯಿಂದ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ: ಕಳಸಾದಿಂದ 1.72, ಬಂಡೂರಿಯಿಂದ 2.18. ಮರುವರ್ಷವೇ, 2019ರ ಆಗಸ್ಟ್‌ನಲ್ಲಿ, ಅದೇ ಹೊಳೆ ಉಕ್ಕಿ ರಾಮದುರ್ಗ ತಾಲ್ಲೂಕಿನ ದಂಡೆಯ ಊರುಗಳಿಗೆ ನುಗ್ಗಿತು. ನೇಕಾರರ ಮನೆಗಳಲ್ಲಿ ಮಗ್ಗಗಳು ನೆನೆದು ಕೂತವು. ಬರಗಾಲದ ಹೊಳೆಯೂ ಅದೇ, ಪ್ರವಾಹದ ಹೊಳೆಯೂ ಅದೇ, ಏಕೆಂದರೆ ಅದರ ನೀರೆಲ್ಲ ಘಟ್ಟದ ಒಂದು ಮೂಲೆಯ ಮಳೆಯನ್ನು ನಂಬಿದೆ. ಹೀಗೆ ಓದಿದವರಿಗೆ ಭೂಗೋಳದ ಒಂದು, ವಿಜ್ಞಾನದ ಒಂದು, ಪ್ರಚಲಿತದ ಎರಡು ಉತ್ತರಗಳನ್ನು ಬೇರೆ ಬೇರೆ ನೆನಪಿಡುವ ಭಾರವೇ ಉಳಿಯುವುದಿಲ್ಲ. ಕಾರಣ ಗೊತ್ತಿದ್ದವರಿಗೆ ಅಂಕಿ ಮರೆಯುವುದು ಕಡಿಮೆ.

ಫೋನು ಕೈಯಲ್ಲಿರುವಾಗ ನೆನಪೇ ಏಕೆ ಬೇಕು ಎನ್ನುವವರಿಗೂ ಒಂದು ಮಾತು. ಫೋನು ಕೇಳಿದ್ದನ್ನು ಹೇಳುತ್ತದೆ. ಏನು ಕೇಳಬೇಕೆಂದು ಹೊಳೆಯುವುದು ತಲೆಯಲ್ಲಿ ಆಗಲೇ ಒಂದಷ್ಟು ಸಂಗತಿ ಇದ್ದವರಿಗೆ. ಕಿತ್ತೂರಿನಲ್ಲಿ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳ ಹೆಸರು ಎಲಿಯಟ್ ಮತ್ತು ಸ್ಟೀವನ್‌ಸನ್. ಚೆನ್ನಮ್ಮ ಅವರ ಕೂದಲೂ ಕೊಂಕದಂತೆ ನೋಡಿಕೊಂಡು ಕೊನೆಗೆ ಬಿಟ್ಟು ಕಳುಹಿಸಿದಳು. ಪ್ರಶ್ನೋತ್ತರ ಇಲ್ಲಿಗೆ ಮುಗಿಯುತ್ತದೆ. ಆದರೆ ಅದೇ ವಾಲ್ಟರ್ ಎಲಿಯಟ್ ಮುಂದೆ ಈ ನಾಡಿನ ಹಳ್ಳಿಹಳ್ಳಿಯ ಕಲ್ಬರಹಗಳನ್ನು ನಕಲು ಮಾಡಿಸಿ 595 ಶಾಸನಗಳನ್ನು ಕೂಡಿಹಾಕಿದ; 1837ರಲ್ಲಿ ಅವನು ಪ್ರಕಟಿಸಿದ ಬರಹ ಚಾಲುಕ್ಯರ ಇತಿಹಾಸಕ್ಕೆ ಶಾಸನಗಳ ಬುನಾದಿ ಹಾಕಿತು. ಸುಗಂಧವರ್ತಿ ಎಂಬ ಹಳೆಯ ಹೆಸರಿನ ಸವದತ್ತಿ ರಟ್ಟರ ರಾಜಧಾನಿಯಾಗಿತ್ತು, ಆಮೇಲೆ ಅದು ವೇಣುಗ್ರಾಮಕ್ಕೆ ಅಂದರೆ ಬೆಳಗಾವಿಗೆ ಹೋಯಿತು ಎಂದು ಇಂದು ನಾವು ಹೇಳುವುದು ಅಂಥದೇ ಕಲ್ಬರಹಗಳನ್ನು ಓದಿ, ಶಾಸನತಜ್ಞ ಫ್ಲೀಟ್‌ನಂಥವರು ಅಚ್ಚು ಹಾಕಿಸಿದ್ದರಿಂದ. ಅಂದು ಕಿತ್ತೂರಿನ ಕೋಟೆಯಲ್ಲಿ ಆ ಸೆರೆಯಾಳಿನ ಕುತ್ತಿಗೆ ಹೋಗಿದ್ದರೆ ಆ 595 ಶಾಸನಗಳ ಕಟ್ಟು ಹುಟ್ಟುತ್ತಿರಲಿಲ್ಲ. ಎಲಿಯಟ್ ಎಂಬ ಹೆಸರಷ್ಟೇ ಗೊತ್ತಿದ್ದವನು ಫೋನಿಗೆ ಈ ಪ್ರಶ್ನೆಯನ್ನು ಹಾಕಲಾರ.

ಬಿಡಿ ಸಂಗತಿಗಳನ್ನು ಹಗುರ ಮಾಡುವ ಉದ್ದೇಶ ಇಲ್ಲಿಲ್ಲ. ದೂರದರ್ಶನ ಚಂದನದಲ್ಲಿ 2002ರಿಂದ ಬರುತ್ತಿರುವ ‘ಥಟ್ ಅಂತ ಹೇಳಿ’ ಕಾರ್ಯಕ್ರಮವನ್ನು ಕನ್ನಡದ ಮನೆಗಳು ಪ್ರೀತಿಯಿಂದ ನೋಡುತ್ತ ಬಂದಿವೆ. ಅಲ್ಲಿ ಸರಿ ಉತ್ತರಕ್ಕೆ ಪುಸ್ತಕ ಬಹುಮಾನವಾಗಿ ಸಿಗುತ್ತದೆ. ಡಾ. ನಾ. ಸೋಮೇಶ್ವರ ಅವರು ಉತ್ತರ ಬಂದ ಮೇಲೂ ಅದರ ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಆ ನಾಲ್ಕು ಮಾತೇ ಪರೀಕ್ಷೆಯ ಗೈಡುಗಳಲ್ಲಿ ಕಳೆದುಹೋಗಿರುವುದು. 2021ರ ನವೆಂಬರಿನಲ್ಲಿ ಮುಂಬೈ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟದ್ದು ಮರುದಿನವೇ ಪ್ರಚಲಿತ ವಿದ್ಯಮಾನದ ಪಟ್ಟಿ ಸೇರಿತು. ಏಕೆ ಆ ಹೆಸರು ಎಂಬ ಒಂದು ಸಾಲು ಅದರ ಪಕ್ಕದಲ್ಲಿ ಇದ್ದರೆ ಪಟ್ಟಿಯೇನೂ ಉದ್ದವಾಗುತ್ತಿರಲಿಲ್ಲ.

ದತ್ತಿನ ಪ್ರಶ್ನೆಗೆ ಈ ನೆಲದಲ್ಲೇ ಇನ್ನೊಂದು ಉತ್ತರವೂ ಇದೆ. 1858ರ ನಂತರ ಬ್ರಿಟಿಷರು ಆ ನೀತಿಯನ್ನು ಕೈಬಿಟ್ಟರು. ಸವದತ್ತಿ ತಾಲ್ಲೂಕಿನ ಸಿರಸಂಗಿಯ ದೇಸಗತಿ ಕಿತ್ತೂರಿನಂಥ ಸಂಸ್ಥಾನವೇನಲ್ಲ, ವತನದ ಮನೆತನ; ಅಲ್ಲಿಗೆ ಗದಗ ಸೀಮೆಯ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿದ ಹುಡುಗನೊಬ್ಬ ದತ್ತು ಬಂದ. ಅವನೇ ಲಿಂಗರಾಜ ದೇಸಾಯಿ. ಸ್ವಂತ ಮಕ್ಕಳಿಲ್ಲದ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ಮತ್ತೊಬ್ಬ ದತ್ತುಮಗನನ್ನು ಹುಡುಕಲು ಹೋಗಲಿಲ್ಲ. ಆಸ್ತಿಯನ್ನೆಲ್ಲ ಓದುವ ಮಕ್ಕಳಿಗೆಂದು ಬರೆದಿಟ್ಟರು. ಆ ದತ್ತಿಯ ಹಣದಿಂದ ಓದಿದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ, ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನಲ್ಲೇ ನಿಂತಿದೆ.