ತಿಪ್ಪೆಯಲ್ಲಿ ಸಿಕ್ಕ ಕ್ಯಾಲೆಂಡರ್

ಮರುವಾಯಿ ಸುಕ್ಕ ತಿಂದವರಿಗೆ ಗೊತ್ತು, ಹೊಟ್ಟೆ ತುಂಬೋ ಮೊದಲೇ ತಟ್ಟೆ ಪಕ್ಕ ಚಿಪ್ಪಿನ ಗುಡ್ಡೆ ಎದ್ದಿರುತ್ತೆ. ತಲೆಮಾರುಗಟ್ಟಲೆ ಜನ ಒಂದೇ ಜಾಗದಲ್ಲಿ ಹೀಗೆ ತಿಂದು ಎಸೆದರೆ ಏನಾಗುತ್ತೆ ಅಂತ ನೋಡಬೇಕಿದ್ದರೆ ಸ್ಕಾಟ್ಲೆಂಡಿನ ಓರನ್ಸೇ ದ್ವೀಪಕ್ಕೆ ಹೋಗಬೇಕು.

ಪುಟ್ಟ ದ್ವೀಪ ಅದು. ಸಮುದ್ರ ಇಳಿದಾಗ ಪಕ್ಕದ ಕೊಲನ್ಸೇಯಿಂದ ಮರಳಿನ ಮೇಲೆ ನಡೆದೇ ಹೋಗಬಹುದು. ಉಬ್ಬರ ಬಂತೋ, ದಾರಿ ಬಂದ್. ಅಲ್ಲಿ ಸುಮಾರು 6000 ವರ್ಷ ಹಳೆಯ ಐದು ಚಿಪ್ಪಿನ ತಿಪ್ಪೆಗಳಿವೆ. ಬ್ರಿಟನ್ನಿಗೆ ಬೇಸಾಯ ಇನ್ನೇನು ಕಾಲಿಡಬೇಕಿದ್ದ ಕಾಲ. ತಿಪ್ಪೆಯ ಬಹುಪಾಲು ಬಂಡೆಗೆ ಕಚ್ಚಿಕೊಂಡು ಬದುಕುವ ಲಿಂಪೆಟ್ ಚಿಪ್ಪು. ಜೊತೆಗೆ ಮೀನು, ಸೀಲ್, ಏಡಿ. ಚಿಪ್ಪೆಂದರೆ ಸುಣ್ಣ ತಾನೇ? ಅದು ಮಣ್ಣಿನ ಆಮ್ಲವನ್ನು ತಡೆದದ್ದರಿಂದಲೇ ಮೂಳೆಗಳು ಕರಗದೆ ಉಳಿದವು.

1970ರ ದಶಕದಲ್ಲಿ ಇಲ್ಲಿ ಅಗೆದ ಪಾಲ್ ಮೆಲರ್ಸ್ ತಂಡ ಹುಡುಕಿದ್ದು ಮೀನಿನ ಕಿವಿಯೊಳಗಿನ ಪುಟಾಣಿ ಕಲ್ಲುಗಳನ್ನ. ಸೇತ್ ಎಂಬ ಮೀನಿನ ಮರಿ ಬೇಗ ಬೆಳೆಯುತ್ತೆ, ಕಲ್ಲೂ ಅದರ ಜೊತೆಗೇ ಬೆಳೆಯುತ್ತೆ. ಕಲ್ಲಿನ ಉದ್ದ ಅಳೆದರೆ ಮೀನಿನ ಗಾತ್ರ, ಗಾತ್ರದಿಂದ ಅದನ್ನು ಹಿಡಿದ ಋತು! ಲಾಗ್ ಫೈಲ್ ಓದುವ ನನ್ನಂಥವರಿಗೆ ಇದಕ್ಕಿಂತ ಚೆಂದದ ಟೈಮ್‌ಸ್ಟ್ಯಾಂಪ್ ಬೇಕಾ? ಒಂದು ತಿಪ್ಪೆಯಲ್ಲಿ ಬೇಸಿಗೆಯ ಮೀನು, ಕ್ನಾಕ್ ಕೋಯ್ಗ್ ಎಂಬ ಇನ್ನೊಂದರಲ್ಲಿ ಶರತ್ಕಾಲದ ಮೀನು. ಅಂದರೆ ಜನ ದ್ವೀಪದೊಳಗೇ ಜಾಗ ಬದಲಿಸುತ್ತಾ ವರ್ಷವಿಡೀ ಇದ್ದರು ಅಂತ ಮೆಲರ್ಸ್ ವಾದ. ಸ್ಟೀವನ್ ಮಿಥೆನ್ ಒಪ್ಪಲಿಲ್ಲ. ಇಷ್ಟು ಚಿಕ್ಕ ದ್ವೀಪದಲ್ಲಿ ನೆಲೆ ನಿಲ್ಲೋದ್ಯಾಕೆ, ಬೇರೆ ದ್ವೀಪಗಳಿಂದ ಬಂದು ಹೋಗುತ್ತಿದ್ದಿರಬೇಕು ಅಂದರು. ನ್ಯಾಯವಾದ ಪ್ರಶ್ನೆಯೇ. ಬೇರೆ ಬೇರೆ ಋತುವಿನಲ್ಲಿ ಬಂದುಹೋಗುವವರೂ ಇಂಥದ್ದೇ ಕಸ ಬಿಡುತ್ತಾರಲ್ಲ?

ಆಮೇಲೆ, 1998ರಲ್ಲಿ, ಅಲ್ಲಿ ಸಿಕ್ಕ ಮನುಷ್ಯರ ಮೂಳೆಗಳ ರಾಸಾಯನಿಕ ಪರೀಕ್ಷೆಯ ಫಲಿತಾಂಶ ಬಂತು. ಕ್ನಾಕ್ ಕೋಯ್ಗ್‌ನವರ ಪ್ರೋಟೀನು ಹೆಚ್ಚುಕಮ್ಮಿ ಪೂರ್ತಿ ಸಮುದ್ರದ್ದೇ. ವರ್ಷದಲ್ಲಿ ಬಹುಕಾಲ ಒಳನಾಡಲ್ಲಿ ಜಿಂಕೆ ತಿಂದು, ನಾಲ್ಕು ದಿನ ಕಡಲಿಗೆ ಬಂದವರ ಮೂಳೆ ಹಾಗಿರೋದಿಲ್ಲ. ಆದರೆ ಮತ್ತೊಂದು ತಿಪ್ಪೆಯ ಮೂಳೆಯಲ್ಲಿ ನೆಲದ ಆಹಾರದ ಗುರುತೂ ಇತ್ತು. ಹಾಗಾಗಿ ನನ್ನ ಓಟು ಮೆಲರ್ಸ್‌ಗೆ ಮುಕ್ಕಾಲು, ಮಿಥೆನ್‌ಗೆ ಕಾಲು.

ಆ ಮನುಷ್ಯರ ಮೂಳೆಗಳ ಬಗ್ಗೆ ಹೇಳಲೇಬೇಕು. ಪೂರ್ತಿ ಅಸ್ಥಿಪಂಜರ ಒಂದೂ ಇಲ್ಲ, ಹೆಚ್ಚಿನವು ಕೈಕಾಲಿನ ಸಣ್ಣ ಮೂಳೆಗಳು. ದೇಹವನ್ನು ತೆರೆದ ಜಾಗದಲ್ಲಿಟ್ಟು, ಆಮೇಲೆ ದೊಡ್ಡ ಮೂಳೆಗಳನ್ನು ಬೇರೆಲ್ಲೋ ಒಯ್ದಿರಬಹುದು. ಆದರೆ ಕ್ನಾಕ್ ಕೋಯ್ಗ್‌ನ ಒಂದು ಕಡೆ ಮನುಷ್ಯನ ಕೈಮೂಳೆಗಳು ಸೀಲ್‌ನ ಈಜುಗೈ ಮೂಳೆಗಳ ಜೊತೆಯೇ ಇದ್ದವು. ಅದನ್ನು ಯಾರೋ ಬೇಕಂತಲೇ ಹಾಗೆ ಇಟ್ಟಿದ್ದರು ಅಂತಲೇ ನನಗನ್ನಿಸುತ್ತೆ.